ಆ ವರದಿಯನ್ನು ಜಡ್ಜ್ ಯಾಕೆ ಓದಲಿಲ್ಲ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಅಧ್ಯಕ್ಷರ ಅಧಿಕಾರ, ಅಲ್ಲಿನ ಸರ್ಕಾರದ ಗುಟ್ಟುಗಳು ಅಂದ ಕೂಡಲೇ ಸಾಮಾನ್ಯವಾಗಿ ಮಾತು ಶುರುವಾಗುವುದು ಅಧ್ಯಕ್ಷ ನಿಕ್ಸನ್ ಕಾಲದ ವಾಟರ್‌ಗೇಟ್ ಹಗರಣದಿಂದ. ನಾನು ಅದನ್ನು ಬೇಕಂತಲೇ ಬದಿಗಿಡುತ್ತೇನೆ. ವಾಟರ್‌ಗೇಟ್‌ನಲ್ಲಿ ಗುಟ್ಟು ರಟ್ಟಾಯಿತು. ನಿಕ್ಸನ್ ತಮ್ಮ ಕಚೇರಿಯ ಮಾತುಕತೆಯ ಟೇಪುಗಳನ್ನು ಒಪ್ಪಿಸಬೇಕು ಎಂದು 1974ರ ಜುಲೈ 24ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಆಗಸ್ಟ್ 9ಕ್ಕೆ ನಿಕ್ಸನ್ ಕುರ್ಚಿ ಬಿಟ್ಟರು. ಅದು ವ್ಯವಸ್ಥೆ ಗೆದ್ದ ಕಥೆ, ಹೇಳಿಕೊಳ್ಳಲು ಚೆನ್ನಾಗಿರುತ್ತದೆ. ಆದರೆ ಅದೇ ತೀರ್ಪಿನಲ್ಲಿ ಒಂದು ಮಾತು ಇದೆ. ಇಲ್ಲಿ ಮಿಲಿಟರಿ ಅಥವಾ ವಿದೇಶಾಂಗ ರಹಸ್ಯಗಳ ಪ್ರಶ್ನೆ ಬಂದಿಲ್ಲ, ಬಂದಿದ್ದರೆ ಲೆಕ್ಕ ಬೇರೆ ಎನ್ನುವ ಧಾಟಿಯ ಮಾತು. ನಿಕ್ಸನ್ ಸೋತ ದಿನವೂ ಆ ಬಾಗಿಲು ಮುಚ್ಚಿರಲಿಲ್ಲ.

ದೇಶದ ರಹಸ್ಯ ಎಂದು ಹೇಳಿ ಕೋರ್ಟಿಗೂ ಕಾಗದ ಕೊಡದಿರುವ ಆ ಬಾಗಿಲು ಅಮೆರಿಕದ ಕೋರ್ಟಿನಲ್ಲಿ ಹೇಗೆ ತೆರೆಯಿತು ಎನ್ನುವುದೇ ಇವತ್ತಿನ ವಿಷಯ.

1948ರ ಅಕ್ಟೋಬರ್ 6. ಜಾರ್ಜಿಯಾ ರಾಜ್ಯದ ವೇಕ್ರಾಸ್ ಎಂಬ ಊರಿನ ಹತ್ತಿರ ವಾಯುಪಡೆಯ ಒಂದು ಬಿ-29 ವಿಮಾನ ಬಿತ್ತು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಬಾಂಬು ಹಾಕಿದ್ದು ಇದೇ ಮಾದರಿಯ ವಿಮಾನ. ಒಳಗೆ 13 ಜನ ಇದ್ದರು, 9 ಜನ ಸತ್ತರು. ರಹಸ್ಯ ಎಲೆಕ್ಟ್ರಾನಿಕ್ ಉಪಕರಣಗಳನ್ನು ಪರೀಕ್ಷಿಸಲು ವಿಮಾನ ಹಾರಿಸಿದ್ದರು. ಹಾಗಾಗಿ ಸೈನಿಕರ ಜೊತೆ ಕೆಲವು ಸಿವಿಲಿಯನ್ ಎಂಜಿನಿಯರುಗಳೂ ಇದ್ದರು. ಸತ್ತವರಲ್ಲಿ ಮೂವರು ಎಂಜಿನಿಯರುಗಳ ಹೆಂಡತಿಯರು ಸರ್ಕಾರದ ಮೇಲೆ ಪರಿಹಾರಕ್ಕಾಗಿ ಕೇಸು ಹಾಕಿದರು. ಸರ್ಕಾರಿ ನೌಕರರ ಅಜಾಗರೂಕತೆಯಿಂದ ಹಾನಿಯಾದರೆ ಕೇಂದ್ರ ಸರ್ಕಾರದ ಮೇಲೆ ದಾವೆ ಹೂಡಬಹುದು ಎಂಬ ಕಾನೂನು ಬಂದಿದ್ದೇ 1946ರಲ್ಲಿ. ಅಂದರೆ ಆಗಿನ್ನೂ ಹೊಸದು.

ಹೆಣ್ಣುಮಕ್ಕಳ ವಕೀಲರು ಕೇಳಿದ್ದು ಒಂದು ಸಾಮಾನ್ಯ ಕಾಗದ. ಅಪಘಾತ ಆದ ಮೇಲೆ ವಾಯುಪಡೆ ತನಿಖೆ ಮಾಡಿ ಬರೆದಿಟ್ಟ ವರದಿ. ವಾಯುಪಡೆ ಕೊಡಲ್ಲ ಎಂದಿತು. ಕೊಟ್ಟರೆ ದೇಶದ ಭದ್ರತೆಗೆ, ರಹಸ್ಯ ಉಪಕರಣಗಳ ಕೆಲಸಕ್ಕೆ ಧಕ್ಕೆ ಆಗುತ್ತದೆ ಎಂದು ದೊಡ್ಡ ಅಧಿಕಾರಿಗಳ ಸಹಿ ಇರುವ ಹೇಳಿಕೆಗಳು ಬಂದವು. ಫಿಲಡೆಲ್ಫಿಯಾದ ಜಿಲ್ಲಾ ನ್ಯಾಯಾಧೀಶ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಆಗ ಒಂದು ನಡುದಾರಿ ಹುಡುಕಿದರು. ಸರಿ, ಆ ಕಡೆಯ ವಕೀಲರಿಗೆ ಕೊಡಬೇಡಿ. ನನಗೆ ತೋರಿಸಿ. ನಾನೊಬ್ಬನೇ ಓದಿ, ರಹಸ್ಯ ಇದೆಯೋ ಇಲ್ಲವೋ ನೋಡುತ್ತೇನೆ.

ಸರ್ಕಾರ ಅದಕ್ಕೂ ಒಪ್ಪಲಿಲ್ಲ.

ಹಾಗಾದರೆ ತಪ್ಪು ನಿಮ್ಮದೇ ಎಂದು ಇಟ್ಟುಕೊಳ್ಳುತ್ತೇನೆ ಎಂದರು ಜಡ್ಜ್. ಮೂವರಿಗೂ ಸೇರಿ 2,25,000 ಡಾಲರ್ ಪರಿಹಾರ ಬರೆದರು. 1951ರಲ್ಲಿ ಮೇಲ್ಮನವಿ ಕೋರ್ಟೂ ಇದನ್ನು ಎತ್ತಿಹಿಡಿಯಿತು. ಅಲ್ಲಿ ತೀರ್ಪು ಬರೆದ ಆಲ್ಬರ್ಟ್ ಮ್ಯಾರಿಸ್ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಇವತ್ತು ಇಷ್ಟಕ್ಕೆ ಒಪ್ಪಿದರೆ, ನಾಳೆ ಅಧಿಕಾರಿಗಳಿಗೆ ಮುಜುಗರ ಆಗುತ್ತದೆ ಎಂಬ ಒಂದೇ ಕಾರಣಕ್ಕೆ ಕಾಗದ ಮುಚ್ಚಿಡಲು ಒಂದು ಸಣ್ಣ ಹೆಜ್ಜೆ ಸಾಕು, ಎಂದು. ಈ ಮಾತನ್ನು ನೆನಪಿಟ್ಟುಕೊಳ್ಳಿ.

1953ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ 6–3 ಬಹುಮತದಿಂದ ಇದೆಲ್ಲವನ್ನೂ ತಿರುಗಿಸಿತು. ಕೇಸಿನ ಹೆಸರು ಯುನೈಟೆಡ್ ಸ್ಟೇಟ್ಸ್ ವರ್ಸಸ್ ರೆನಾಲ್ಡ್ಸ್. ಮುಖ್ಯ ನ್ಯಾಯಮೂರ್ತಿ ಫ್ರೆಡ್ ವಿನ್ಸನ್ ತೀರ್ಪು ಬರೆದರು. ಕೊರಿಯಾ ಯುದ್ಧ ನಡೆಯುತ್ತಿದ್ದ ಕಾಲ, ರಷ್ಯಾದ ಭಯ ಬೇರೆ. ರಾಷ್ಟ್ರದ ಭದ್ರತೆಯ ವಿಷಯ ಹೊರಬೀಳುವ ಅಪಾಯ ಇದೆ ಎಂದು ಸಂದರ್ಭದಿಂದಲೇ ತೋರಿದರೆ, ಜಡ್ಜ್ ಒಬ್ಬರೇ ಕೋಣೆಯೊಳಗೆ ಕೂತು ನೋಡುತ್ತೇನೆ ಅಂತಲೂ ಒತ್ತಾಯಿಸಬಾರದು ಎಂದರು. ತೀರ್ಪಿನಲ್ಲಿ ಒಳ್ಳೆಯ ಮಾತೂ ಇದೆ. ಸಾಕ್ಷ್ಯದ ಮೇಲಿನ ಹತೋಟಿಯನ್ನು ಅಧಿಕಾರಿಗಳ ಮರ್ಜಿಗೆ ಬಿಟ್ಟುಕೊಡಲು ಆಗದು ಎನ್ನುತ್ತದೆ. ಹೀಗೆ ಹೇಳಿ, ಅದೇ ತೀರ್ಪಿನಲ್ಲಿ ಬಿಟ್ಟುಕೊಟ್ಟಿತು. ಆ 6 ಜನರಲ್ಲಿ ಒಬ್ಬರೂ ವರದಿಯ ಒಂದು ಪುಟವನ್ನೂ ನೋಡಿರಲಿಲ್ಲ. ಹೆಣ್ಣುಮಕ್ಕಳು ಕೊನೆಗೆ 1,70,000 ಡಾಲರಿಗೆ ರಾಜಿ ಮಾಡಿಕೊಂಡರು.

ಇಲ್ಲಿಗೆ ಮುಗಿದಿದ್ದರೆ ಇದು ಕಾನೂನು ಕಾಲೇಜಿನ ಪಾಠ ಆಗಿ ಉಳಿಯುತ್ತಿತ್ತು. 2000ದಲ್ಲಿ, ಸತ್ತ ಎಂಜಿನಿಯರೊಬ್ಬರ ಮಗಳು ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಿದ್ದಾಗ ಹಳೆಯ ವಿಮಾನ ಅಪಘಾತಗಳ ವರದಿ ಮಾರುವ ಒಂದು ಜಾಲತಾಣ ಸಿಕ್ಕಿತು. ಅಪ್ಪ ಸತ್ತಾಗ ಆಕೆ ಇನ್ನೂ ಕೈಗೂಸು. ಅಷ್ಟು ಹೊತ್ತಿಗೆ ಆ ವರದಿಗಳ ಮೇಲಿನ ರಹಸ್ಯದ ಮುದ್ರೆ ತೆಗೆದಾಗಿತ್ತು. ದುಡ್ಡು ಕೊಟ್ಟು ತರಿಸಿಕೊಂಡರು. ಮನೆಯವರು ಐವತ್ತು ವರ್ಷ ಕಾದಿದ್ದ ಕಾಗದ ಅಂಚೆಯಲ್ಲಿ ಬಂತು.

ಅದರಲ್ಲಿ ಏನಿತ್ತು? ರಹಸ್ಯ ಉಪಕರಣ ಹೇಗೆ ಕೆಲಸ ಮಾಡುತ್ತದೆ ಎನ್ನುವ ವಿವರ ಇರಲಿಲ್ಲ. ಎಂಜಿನ್ನಿಗೆ ಬೆಂಕಿ ಬಿದ್ದದ್ದು ಇತ್ತು. ಬಿಸಿ ತಡೆಯುವ ಕವಚಗಳನ್ನು ಹಾಕಲೇಬೇಕು ಎಂದು ವಾಯುಪಡೆಯೇ ಹೊರಡಿಸಿದ್ದ ಆದೇಶವನ್ನು ಆ ವಿಮಾನದಲ್ಲಿ ಪಾಲಿಸಿರಲಿಲ್ಲ ಎಂದಿತ್ತು. ಆ ವಿಮಾನ ಹಾರಲು ಸುರಕ್ಷಿತವಾಗಿರಲಿಲ್ಲ ಎಂದಿತ್ತು. ಹೆಣ್ಣುಮಕ್ಕಳು ಕೋರ್ಟಿನಲ್ಲಿ ಸಾಬೀತು ಮಾಡಲು ಹೊರಟದ್ದೂ ಅಜಾಗರೂಕತೆಯನ್ನೇ ಅಲ್ವಾ?

ಕುಟುಂಬದವರು 2003ರಲ್ಲಿ ಮತ್ತೆ ಸುಪ್ರೀಂ ಕೋರ್ಟಿಗೆ ಹೋದರು. ಕೇಳಲಿಲ್ಲ. ಕೆಳಗಿನ ಕೋರ್ಟಿನಲ್ಲಿ ಹೊಸ ಕೇಸು ಹಾಕಿದರು. ಆ ಕಾಲದಲ್ಲಿ ಇಂಥ ವರದಿಯನ್ನೇ ಸೂಕ್ಷ್ಮ ಎಂದು ಅಧಿಕಾರಿಗಳು ಭಾವಿಸಿದ್ದಿರಬಹುದು, ಆದ್ದರಿಂದ ಕೋರ್ಟಿಗೆ ಮೋಸ ಮಾಡಿದರು ಎನ್ನಲಾಗದು ಎಂದು 2005ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿತು. ಕಾನೂನಿನ ದೃಷ್ಟಿಯಲ್ಲಿ ಈ ವಾದಕ್ಕೆ ತಳಬುಡ ಇಲ್ಲ ಅಂತ ನಾನು ಹೇಳಲ್ಲ. ಹಳೇ ತೀರ್ಪುಗಳನ್ನೆಲ್ಲ ಸುಮ್ನೆ ಕೆದಕುತ್ತಾ ಹೋಗಲು ಆಗಲ್ಲ. ಆದರೆ ನನ್ನ ತಕರಾರು ಬೇರೆ. ಮೋಸ ಇತ್ತೋ ಇಲ್ಲವೋ ಎಂಬ ಚರ್ಚೆಯೇ 1953ರಲ್ಲಿ ಬೇಕಿರಲಿಲ್ಲ. ಒಬ್ಬ ಜಡ್ಜ್ ಒಂದು ಮಧ್ಯಾಹ್ನ ಕೂತು ಓದಿದ್ದರೆ ಸಾಕಿತ್ತು.

ವಿನ್ಸನ್ ಈ ವಿಚಾರವನ್ನು ಗಾಳಿಯಲ್ಲಿ ಕಟ್ಟಿದ್ದಲ್ಲ. 1939ರಲ್ಲಿ ಬ್ರಿಟನ್ನಿನ ಥೀಟಿಸ್ ಎಂಬ ಸಬ್‌ಮರೀನ್ ಮುಳುಗಿ 99 ಜನ ಸತ್ತಿದ್ದರು. ಅಲ್ಲೂ ಮನೆಯವರು ಕೇಸು ಹಾಕಿದರು, ಅಲ್ಲೂ ನೌಕಾಪಡೆ ಕಾಗದ ಕೊಡಲಿಲ್ಲ. ಮಂತ್ರಿಯ ಮಾತೇ ಅಂತಿಮ ಎಂದು 1942ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಅಮೆರಿಕದ ಕೋರ್ಟ್ ಆ ತೀರ್ಪನ್ನೂ ಮುಂದಿಟ್ಟುಕೊಂಡಿತ್ತು. ವಿಚಿತ್ರ ನೋಡಿ, 1968ರಲ್ಲಿ ಬ್ರಿಟನ್ನೇ ಆ ನಿಲುವನ್ನು ಕೈಬಿಟ್ಟಿತು. ಬೇಕಾದರೆ ಜಡ್ಜ್ ಕಾಗದ ತರಿಸಿ ನೋಡಬಹುದು ಎಂದಿತು. ನಮ್ಮಲ್ಲಿ 1975ರ ರಾಜ್ ನಾರಾಯಣ್ ಪ್ರಕರಣದಲ್ಲಿ, ಪ್ರಧಾನಿಯ ಪ್ರವಾಸದ ಭದ್ರತಾ ನಿಯಮಗಳ ಪುಸ್ತಕ ಕೊಡಬೇಕೋ ಬೇಡವೋ ಎಂಬ ಜಗಳದಲ್ಲಿ, ನಮ್ಮ ಸುಪ್ರೀಂ ಕೋರ್ಟೂ ಅದೇ ದಾರಿ ಹಿಡಿಯಿತು. ರಾಜರ ದೇಶ ಬಿಟ್ಟದ್ದನ್ನು ಅಮೆರಿಕದ ಗಣರಾಜ್ಯ ಎದೆಗೆ ಅವಚಿಕೊಂಡು ಕೂತಿದೆ.

ಈಗ 2003ಕ್ಕೆ ಬರೋಣ. ಖಾಲಿದ್ ಎಲ್-ಮಸ್ರಿ ಎಂಬ ಜರ್ಮನ್ ಪ್ರಜೆ. ಡಿಸೆಂಬರ್ 31ರಂದು ಮ್ಯಾಸಿಡೋನಿಯಾದ ಗಡಿಯಲ್ಲಿ ಪೊಲೀಸರು ಅವರನ್ನು ಬಸ್ಸಿನಿಂದ ಇಳಿಸಿದರು. 23 ದಿನ ರಾಜಧಾನಿಯ ಒಂದು ಹೋಟೆಲಿನಲ್ಲಿ ಕೂಡಿಹಾಕಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕೈಗೆ ಒಪ್ಪಿಸಿದರು. ಸಿಐಎ ಅವರನ್ನು ಅಫ್ಘಾನಿಸ್ತಾನದ ರಹಸ್ಯ ಜೈಲಿಗೆ ಒಯ್ದಿತು. ಹಿಡಿದದ್ದು ತಪ್ಪು ಮನುಷ್ಯನನ್ನು ಎಂದು ಗೊತ್ತಾದ ಮೇಲೆ, 2004ರ ಮೇ ತಿಂಗಳಲ್ಲಿ ಅಲ್ಬೇನಿಯಾದ ಒಂದು ರಸ್ತೆಯಲ್ಲಿ ಇಳಿಸಿ ಹೋದರು. ಅಮೆರಿಕದ ಕೋರ್ಟಿನಲ್ಲಿ ಕೇಸು ಹಾಕಿದರೆ, ಸರ್ಕಾರ ರೆನಾಲ್ಡ್ಸ್ ತೀರ್ಪು ತೋರಿಸಿತು. ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. 1953ರಲ್ಲಿ ಒಂದು ಕಾಗದವನ್ನು ಮಾತ್ರ ತಡೆದರು, ಕೇಸು ಉಳಿದಿತ್ತು. ಈಗ ಇಡೀ ಕೇಸನ್ನೇ ವಜಾ ಮಾಡಿದರು. ಪತ್ರಿಕೆಗಳಲ್ಲಿ ಎಲ್ಲ ಬಂದಿತ್ತು, ಜರ್ಮನಿಯ ಚಾನ್ಸಲರ್ ಕೂಡ ಮಾತಾಡಿದ್ದರು. ಕೋರ್ಟಿನ ಒಳಗೆ ಮಾತ್ರ ಅದು ರಹಸ್ಯ. 2007ರಲ್ಲಿ ಸುಪ್ರೀಂ ಕೋರ್ಟ್ ಮನವಿ ಕೇಳಲು ಒಪ್ಪಲಿಲ್ಲ. 2012ರಲ್ಲಿ ಯುರೋಪಿನ ಮಾನವ ಹಕ್ಕುಗಳ ಕೋರ್ಟ್ ಅವರ ಮಾತು ನಿಜ ಎಂದು ತೀರ್ಮಾನಿಸಿ 60,000 ಯೂರೋ ಪರಿಹಾರ ಕೊಡಿಸಿತು. ಕೊಟ್ಟದ್ದು ಮ್ಯಾಸಿಡೋನಿಯಾ. ಬಡಪಾಯಿ ದೇಶ.

ಎಲ್ಲ ಜಡ್ಜ್‌ಗಳೂ ಕಣ್ಣು ಮುಚ್ಚಿ ಕೂರುತ್ತಾರೆ ಎಂದು ನೀವು ತಿಳಿಯಬಾರದು. ಎಲ್-ಮಸ್ರಿ ಕೇಸಿನಲ್ಲಿ ಸರ್ಕಾರದ ರಹಸ್ಯ ಹೇಳಿಕೆಯನ್ನು ಜಡ್ಜ್‌ಗಳು ಓದಿದ್ದರು. ಆದರೆ ಅದು ಒಂದೇ ಕಡೆಯವರು ಬರೆದದ್ದು, ಇನ್ನೊಂದು ಕಡೆಯವರಿಗೆ ಅದರಲ್ಲಿ ಏನಿದೆ ಎಂದೇ ಗೊತ್ತಿಲ್ಲ. ಉತ್ತರ ಕೊಡುವುದಾದರೂ ಹೇಗೆ?

ಹಾಗಾದರೆ ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್ ಇದೆಯಲ್ಲ, ಅವರು ಕೇಳಬಾರದಾ ಎಂದು ಕೇಳಬಹುದು. ಅಧ್ಯಕ್ಷ ಬುಷ್ ಕಾಲದಲ್ಲಿ ವಾರಂಟ್ ಇಲ್ಲದೆ ಫೋನು, ಇಮೇಲ್ ಕದ್ದು ಕೇಳುವ ಕಾರ್ಯಕ್ರಮ ನಡೆಯುತ್ತಿತ್ತು. ಅದನ್ನು ಬೆರಳೆಣಿಕೆಯ ಸಂಸದರಿಗೆ ಮಾತ್ರ ಹೇಳುತ್ತಿದ್ದರು. ಅವರಲ್ಲಿ ಒಬ್ಬರು ಸೆನೆಟರ್ ಜೇ ರಾಕ್‌ಫೆಲ್ಲರ್. ಕೇಳಿಸಿಕೊಂಡರು, ಗಾಬರಿಯಾದರು. ತಮ್ಮ ಸಿಬ್ಬಂದಿಯನ್ನು ಕೇಳುವಂತಿಲ್ಲ, ವಕೀಲರನ್ನು ಕೇಳುವಂತಿಲ್ಲ. 2003ರ ಜುಲೈ 17ರಂದು ಉಪಾಧ್ಯಕ್ಷ ಡಿಕ್ ಚೆನಿಗೆ ಕೈಯಲ್ಲೇ ಒಂದು ಪತ್ರ ಬರೆದರು. ನಾನು ತಂತ್ರಜ್ಞನೂ ಅಲ್ಲ, ವಕೀಲನೂ ಅಲ್ಲ, ಇದನ್ನು ಒಪ್ಪಲೂ ಆಗುತ್ತಿಲ್ಲ, ಬಿಡಲೂ ಆಗುತ್ತಿಲ್ಲ ಎನ್ನುವ ಅರ್ಥದ ಪತ್ರ. ಒಂದು ಪ್ರತಿಯನ್ನು ಲಕೋಟೆಯಲ್ಲಿ ಮುಚ್ಚಿ ಸೆನೆಟ್ಟಿನ ಭದ್ರ ಕೋಣೆಯಲ್ಲಿ ಇಟ್ಟರು. ಅಮೆರಿಕದ ಸೆನೆಟರ್, ಗುಪ್ತಚರ ಸಮಿತಿಯ ದೊಡ್ಡ ಮನುಷ್ಯ, ಅಷ್ಟೇ ಮಾಡಲು ಆದದ್ದು. 2005ರ ಡಿಸೆಂಬರಿನಲ್ಲಿ ವಿಷಯ ಪತ್ರಿಕೆಯಲ್ಲಿ ಬಂದ ಮೇಲೆ ಪತ್ರವೂ ಹೊರಬಂತು.

ಜನರೇ ಕೋರ್ಟಿಗೆ ಹೋದರೆ? ಪತ್ರಕರ್ತರು, ವಕೀಲರು, ಮಾನವ ಹಕ್ಕುಗಳ ಸಂಘಟನೆಗಳು ಹೋದವು. 2013ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಹೇಳಿದ್ದೇನು ಗೊತ್ತಾ? ನಿಮ್ಮ ಫೋನನ್ನೇ ಕೇಳಿದ್ದಾರೆ ಎಂಬುದಕ್ಕೆ ನಿಮ್ಮ ಹತ್ತಿರ ಪುರಾವೆ ಇಲ್ಲ, ಬರೀ ಊಹೆ, ಹಾಗಾಗಿ ಕೇಸು ಹಾಕುವ ಅರ್ಹತೆಯೇ ನಿಮಗಿಲ್ಲ. ಕದ್ದು ಕೇಳಿದ್ದಕ್ಕೆ ಪುರಾವೆ ಎಲ್ಲಿಂದ ತರುವುದು? ನಾಲ್ಕು ತಿಂಗಳೊಳಗೆ ಗುಪ್ತಚರ ಸಂಸ್ಥೆಗೆ ಗುತ್ತಿಗೆಯಲ್ಲಿ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಈ ಕದ್ದು ಕೇಳುವಿಕೆಯ ಕಾಗದಗಳನ್ನು ಹೊರಗೆ ಹಾಕಿದರು. ಅದಕ್ಕೆ ಸ್ವಲ್ಪ ಮುಂಚೆ, ಮಾರ್ಚ್‌ನಲ್ಲಿ, ಕೋಟ್ಯಂತರ ಅಮೆರಿಕನ್ನರ ಮಾಹಿತಿ ಸಂಗ್ರಹಿಸುತ್ತೀರಾ ಎಂದು ಸೆನೆಟ್ ಸಮಿತಿ ಕೇಳಿದಾಗ ಗುಪ್ತಚರ ಮುಖ್ಯಸ್ಥ ಜೇಮ್ಸ್ ಕ್ಲಾಪರ್ ಇಲ್ಲ ಎಂದಿದ್ದರು. ಅವರ ಮೇಲೆ ಯಾವ ಕೇಸೂ ಆಗಲಿಲ್ಲ.

ಗುಟ್ಟೇ ಇರಬಾರದು ಎಂದು ನಾನು ವಾದಿಸುತ್ತಿಲ್ಲ. ಬೇಹುಗಾರರ ಹೆಸರು, ಅಣ್ವಸ್ತ್ರದ ವಿನ್ಯಾಸ, ನಾಳೆ ಸೈನ್ಯ ಎಲ್ಲಿಗೆ ಹೋಗುತ್ತದೆ ಎನ್ನುವುದು, ಇವನ್ನೆಲ್ಲ ಬೀದಿಗೆ ಹಾಕಿ ಎಂದು ಬುದ್ಧಿ ಇರುವ ಯಾರೂ ಹೇಳಲ್ಲ. ಅಮೆರಿಕದಲ್ಲಿ ನಿಯಮವೂ ಚೆನ್ನಾಗಿಯೇ ಇದೆ. 2009ರ ಡಿಸೆಂಬರಿನಲ್ಲಿ ಒಬಾಮ ಸಹಿ ಹಾಕಿದ ಆದೇಶದ ಪ್ರಕಾರ, ಕಾನೂನು ಮುರಿದದ್ದನ್ನು, ಆಡಳಿತದ ತಪ್ಪನ್ನು ಅಥವಾ ಮುಜುಗರವನ್ನು ಮುಚ್ಚಲು ರಹಸ್ಯದ ಮುದ್ರೆ ಒತ್ತುವಂತಿಲ್ಲ. ಮ್ಯಾರಿಸ್ ಹೇಳಿದ್ದ ಅದೇ ಮುಜುಗರ. ಆದರೆ ಮುದ್ರೆ ಒತ್ತುವವರು ಯಾರು? ಸರ್ಕಾರದ ಅಧಿಕಾರಿಗಳು. ಸರಿಯಾಗಿ ಒತ್ತಿದರೋ ಎಂದು ಮೊದಲು ನೋಡುವವರು? ಅವರೇ. ಪರೀಕ್ಷೆ ಬರೆದ ಹುಡುಗನೇ ತನ್ನ ಉತ್ತರ ಪತ್ರಿಕೆ ತಿದ್ದಿದ ಹಾಗೆ.

ಎರ್ವಿನ್ ಗ್ರಿಸ್ವೋಲ್ಡ್ ಅವರ ಸಾಕ್ಷಿ ಇಲ್ಲಿ ಬಹಳ ಬೆಲೆಯದು. 1971ರಲ್ಲಿ ವಿಯೆಟ್ನಾಂ ಯುದ್ಧದ ರಹಸ್ಯ ಕಡತಗಳು ಪತ್ರಿಕೆಯಲ್ಲಿ ಬರಬಾರದು ಎಂದು ಸುಪ್ರೀಂ ಕೋರ್ಟಿನಲ್ಲಿ ಸರ್ಕಾರದ ಪರ ವಾದಿಸಿದವರೇ ಅವರು. 1989ರಲ್ಲಿ ಒಂದು ಲೇಖನ ಬರೆದರು. ಆ ಕಡತಗಳು ಹೊರಬಂದದ್ದರಿಂದ ದೇಶದ ಭದ್ರತೆಗೆ ಅಪಾಯವಾದ ಸುಳಿವೂ ತಮಗೆ ಕಂಡಿಲ್ಲ, ಮುದ್ರೆ ಒತ್ತುವವರ ಮುಖ್ಯ ಚಿಂತೆ ಭದ್ರತೆಗಿಂತ ಜಾಸ್ತಿ ಸರ್ಕಾರದ ಮುಜುಗರದ್ದೇ ಎಂದರು.

ಪಕ್ಷ ಬದಲಾದರೆ ಇದು ಬದಲಾಗುತ್ತದೆ ಎನ್ನುವ ಆಸೆ ಇದ್ದರೆ ಬಿಟ್ಟುಬಿಡಿ. ಸಿಐಎ ಬಂಧಿತರನ್ನು ಸಾಗಿಸಿದ ವಿಮಾನಗಳ ವಿಷಯದ ಇನ್ನೊಂದು ಕೇಸಿನಲ್ಲಿ, 2009ರ ಫೆಬ್ರವರಿಯಲ್ಲಿ, ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ, ಒಬಾಮ ಸರ್ಕಾರ ಬುಷ್ ಸರ್ಕಾರದ ವಾದವನ್ನೇ ಮುಂದುವರಿಸಿತು. ಮುಂದಿನ ವರ್ಷ ಮೇಲ್ಮನವಿ ಕೋರ್ಟಿನಲ್ಲಿ 6–5ರಿಂದ ಗೆದ್ದಿತು ಕೂಡ. ಇನ್ನು ಟ್ರಂಪ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 2024ರ ಜುಲೈ 1ರ ತೀರ್ಪು ನಿಮಗೆ ಗೊತ್ತೇ ಇದೆ. ಅಧ್ಯಕ್ಷರು ಅಧಿಕೃತವಾಗಿ ಮಾಡಿದ ಕೆಲಸಗಳಿಗೆ ಕ್ರಿಮಿನಲ್ ಕೇಸಿನಿಂದ ದೊಡ್ಡ ರಕ್ಷಣೆ ಕೊಟ್ಟಿತು. ಯಾವ ಉದ್ದೇಶದಿಂದ ಮಾಡಿದರು ಎಂದು ಕೆದಕುವಂತಿಲ್ಲ ಎಂದೂ ಸೇರಿಸಿತು. ಎಲ್ಲರ ಗಮನ ಟ್ರಂಪ್ ಮೇಲಿತ್ತು. ನನಗೆ ಕಂಡದ್ದು ಹಳೆಯ ಅಭ್ಯಾಸ. ಒಳಗೆ ಏನಿದೆ ಎಂದು ನೋಡದಿರುವುದನ್ನೇ ಕೋರ್ಟು ಗೌರವ ಎಂದುಕೊಳ್ಳುವ ಅಭ್ಯಾಸ.

ಜಡ್ಜ್‌ಗಳ ಕೈಗೆ ರಹಸ್ಯ ಕೊಟ್ಟರೆ ಸೋರುತ್ತದೆ ಎನ್ನುವ ವಾದ ನಿಲ್ಲುವುದಿಲ್ಲ. 1980ರಿಂದ ಅಮೆರಿಕದಲ್ಲಿ ಒಂದು ಕಾನೂನು ಇದೆ. ಬೇಹುಗಾರಿಕೆ, ಭಯೋತ್ಪಾದನೆಯಂಥ ಕ್ರಿಮಿನಲ್ ಕೇಸುಗಳಲ್ಲಿ ಜಡ್ಜ್ ರಹಸ್ಯ ಕಾಗದಗಳನ್ನು ಓದುತ್ತಾರೆ. ಎಷ್ಟನ್ನು ಆರೋಪಿಗೆ ತೋರಿಸಬೇಕು, ಯಾವುದಕ್ಕೆ ಸಾರಾಂಶ ಸಾಕು ಎಂದು ತೀರ್ಮಾನಿಸುತ್ತಾರೆ. ಅಂದರೆ ಸರ್ಕಾರ ಯಾರನ್ನಾದರೂ ಜೈಲಿಗೆ ಹಾಕಬೇಕಾದಾಗ ಜಡ್ಜ್ ಮೇಲೆ ನಂಬಿಕೆ ಇದೆ. ಯಾರಾದರೂ ಸರ್ಕಾರದ ಮೇಲೆ ದಾವೆ ಹೂಡಿದಾಗ ಆ ನಂಬಿಕೆ ಇಲ್ಲ. ಸಿವಿಲ್ ಕೇಸಿಗೂ ಇಂಥದ್ದೇ ವ್ಯವಸ್ಥೆ ಬೇಕು, ಕಾಗದವನ್ನು ಜಡ್ಜ್ ಓದಲೇಬೇಕು ಎಂಬ ಮಸೂದೆಯನ್ನು 2008ರಲ್ಲಿ ಡೆಮಾಕ್ರಾಟ್ ಟೆಡ್ ಕೆನಡಿ, ರಿಪಬ್ಲಿಕನ್ ಆರ್ಲೆನ್ ಸ್ಪೆಕ್ಟರ್ ಸೇರಿ ಸೆನೆಟ್ಟಿಗೆ ತಂದರು. ಸಮಿತಿ ಒಪ್ಪಿತು, ಕಾನೂನಾಗಲಿಲ್ಲ. 2009ರಲ್ಲಿ ಮತ್ತೆ ತಂದರು, ಮತ್ತೆ ನಿಂತಿತು. ಎರಡೂ ಪಕ್ಷದ ಹಿರಿಯರು ಬೆಂಬಲಿಸಿದ ಮಸೂದೆಗೆ ಯಾಕೆ ಹೀಗಾಯಿತು ಎಂದು ಕೇಳುವವರಿಗೆ ನನ್ನ ಊಹೆ ಇಷ್ಟೇ: ಶ್ವೇತಭವನ ಮುಂದಿನ ಸಲ ನಮ್ಮದೇ ಆಗಬಹುದು ಎಂದು ಎರಡೂ ಪಕ್ಷಗಳಿಗೆ ಗೊತ್ತು.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು.