ನೇಪಾಳಕ್ಕೆ ಹೋಗುವವರಿಗೆ: ಎರಡು ದಿನ ಜಾಸ್ತಿ ಇರಲಿ

ಕೇಳುಗರಿಗೆಲ್ಲ ನಮಸ್ಕಾರ.

ನೇಪಾಳದಲ್ಲಿ ಚಾರಣ, ಅಲ್ಲಿನ ಕಾಡುಪ್ರಾಣಿಗಳು. ಇವತ್ತಿನ ಮಾತು ಇದರ ಬಗ್ಗೆ. ಹೇಳೋದು ಬೇಕಾದಷ್ಟಿದೆ, ಸಮಯ ಕಡಿಮೆ ಇದೆ. ಹಾಗಾಗಿ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಒಲೆ ಮೇಲೆ ಹಾಲಿಟ್ಟು ಬಂದವರು ಇಷ್ಟು ಕೇಳಿಕೊಂಡು ಹೋದರೂ ಸಾಕು. ಟ್ರಾವೆಲ್ಸ್‌ನವರು ಎಷ್ಟು ದಿನದ ಪ್ರವಾಸ ಅಂತಾರೋ, ಅದಕ್ಕೆ ಎರಡು ದಿನ ಸೇರಿಸಿ. ಎಂಟು ದಿನ ಅಂದರೆ ಹತ್ತು. ಹತ್ತು ದಿನ ಅಂದರೆ ಹನ್ನೆರಡು. ದುಡ್ಡು ಕಮ್ಮಿ ಬಿದ್ದರೆ ಬೇರೆ ಏನನ್ನಾದರೂ ಬಿಡಿ, ಆ ಎರಡು ದಿನ ಬಿಡಬೇಡಿ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಮುಳ್ಳಯ್ಯನಗಿರಿ. 1,930 ಮೀಟರ್. ಇಡೀ ದಕ್ಷಿಣ ಭಾರತಕ್ಕೇ ಎತ್ತರ ಅಂದರೆ ಕೇರಳದ ಆನೆಮುಡಿ, 2,695 ಮೀಟರ್. ಎವರೆಸ್ಟ್ ಕಡೆಗೆ ನಡೆಯುವವರು ವಿಮಾನ ಇಳಿಯುವ ಲುಕ್ಲಾ 2,800 ಮೀಟರ್‌ಗಿಂತ ಮೇಲಿದೆ. ಅಂದರೆ ದಕ್ಷಿಣ ಭಾರತದಲ್ಲಿ ಎಲ್ಲಿ ಕಾಲಿಟ್ಟರೂ ಸಿಗದಷ್ಟು ಎತ್ತರದಲ್ಲಿ ನೀವು ವಿಮಾನದಿಂದ ಇಳಿಯುತ್ತೀರಿ. ನಡಿಗೆ ಅಲ್ಲಿಂದ ಶುರು. ನಡೆದು ತಲುಪುವ ಎವರೆಸ್ಟ್ ಬೇಸ್ ಕ್ಯಾಂಪ್ ಇರುವುದು 5,364 ಮೀಟರ್ ಎತ್ತರದಲ್ಲಿ. ಅಷ್ಟು ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಮಂಗಳೂರಿನಲ್ಲಿ ಸಿಗುವುದರ ಹೆಚ್ಚುಕಮ್ಮಿ ಅರ್ಧ.

"ಸರ್, ಕುಮಾರಪರ್ವತ ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೀನಿ" ಅಂತಾರೆ ಹುಡುಗರು. ಸಂತೋಷ. ಅಲ್ಲಿ ಬೇಕಾಗಿದ್ದು ಗಟ್ಟಿ ಕಾಲು. ಇಲ್ಲಿ ಬೇಕಾಗಿರುವುದು ದಿನಗಳು. ತೆಳುಗಾಳಿಗೆ ದೇಹ ಹೊಂದಿಕೊಳ್ಳೋದಕ್ಕೆ ದಿನಗಳೇ ಬೇಕು. ಜಿಮ್‌ಗೆ ಹೋದವರಿಗೂ ಅಷ್ಟೇ, ಹೋಗದವರಿಗೂ ಅಷ್ಟೇ. ಲೆಕ್ಕ ಸುಲಭ. 3,000 ಮೀಟರ್ ದಾಟಿದ ಮೇಲೆ, ಇವತ್ತು ರಾತ್ರಿ ಮಲಗುವ ಜಾಗ ನಿನ್ನೆ ಮಲಗಿದ ಜಾಗಕ್ಕಿಂತ 500 ಮೀಟರ್‌ಗಿಂತ ಜಾಸ್ತಿ ಮೇಲಿರಬಾರದು. ಹಗಲು ಎಷ್ಟಾದರೂ ಹತ್ತಿ, ಮಲಗುವಾಗ ಕೆಳಗೆ ಬನ್ನಿ. ಮೂರು ನಾಲ್ಕು ದಿನಕ್ಕೊಮ್ಮೆ ಇದ್ದ ಊರಲ್ಲೇ ಒಂದು ದಿನ ಉಳಿಯಿರಿ. ನಾನು ಹೇಳುವ ಎರಡು ದಿನ ಇಲ್ಲೇ ಬೇಕಾಗುವುದು.

ಒಂದು ಪ್ರಸಂಗ ಹೇಳುತ್ತೇನೆ. ನನ್ನ ಪರಿಚಯದವರು ಇದನ್ನು ಕೇಳಿ ಕೇಳಿ ಸಾಕಾಗಿದ್ದಾರೆ. ಇರಲಿ, ಇನ್ನೊಮ್ಮೆ ಕೇಳಲಿ.

ಕಠ್ಮಂಡುವಿನ ಉತ್ತರಕ್ಕೆ, ಟಿಬೆಟ್ ಗಡಿಯ ಹತ್ತಿರ ಲಾಂಗ್‌ಟಾಂಗ್ ಕಣಿವೆ ಇದೆ. 1976ರಿಂದ ಅದು ರಾಷ್ಟ್ರೀಯ ಉದ್ಯಾನ. ಬಸ್ಸಿನಲ್ಲಿ ಇಡೀ ದಿನ ಕುಲುಕಾಡಿಕೊಂಡು ಸ್ಯಾಬ್ರುಬೇಸಿ ಅನ್ನುವ ಊರಿಗೆ ಹೋಗಬೇಕು. ಅಲ್ಲಿಂದ ಹೊಳೆಯ ಪಕ್ಕದಲ್ಲೇ ನಡಿಗೆ. ನಮ್ಮ ಗುಂಪಿನಲ್ಲಿ ಬೆಂಗಳೂರಿನ ನಾಲ್ವರು ಹುಡುಗರಿದ್ದರು. ಒಳ್ಳೆಯ ಹುಡುಗರು, ಒಳ್ಳೆಯ ಕೆಲಸ, ಕೈಯಲ್ಲಿ ಹೆಜ್ಜೆ ಎಣಿಸುವ ವಾಚು. ಇನ್ನೊಬ್ಬರು ಹಾಸನದ ಕಡೆಯ ಒಬ್ಬ ಟೀಚರಮ್ಮ. ಆಗ ತಾನೇ ನಿವೃತ್ತಿಯಾಗಿತ್ತು. ಮಂಡಿನೋವು ಇತ್ತು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಸುಮ್ನೆ ನಿಲ್ಲುವವರಲ್ಲ, ನಿಂತಾಗೆಲ್ಲ ಏನಾದರೊಂದು ನೋಡುವವರು. ಹೊಳೆಯಾಚೆಯ ಬಂಡೆಯಲ್ಲಿ ಜೇನುಹುಟ್ಟು ನೇತಾಡುತ್ತಿದ್ದದ್ದನ್ನು ಮೊದಲು ಕಂಡಿದ್ದು ಅವರು. ಅದು ಹಿಮಾಲಯದ ದೊಡ್ಡ ಜೇನು, ನಮ್ಮ ಹೆಜ್ಜೇನಿಗೆ ಅಣ್ಣ ಅನ್ನಬಹುದು. ಬಿದಿರಿನ ಕಾಡಿನಲ್ಲಿ ಮುಸುವಗಳ ಹಿಂಡು ಸಿಕ್ಕಿತು. "ನಮ್ಮೂರಿನವಕ್ಕಿಂತ ಇವಕ್ಕೆ ಕೂದಲು ಜಾಸ್ತಿ ಅಲ್ವಾ?" ಅಂದರು. ಹೌದು, ಜಾಸ್ತಿ. ಚಳಿಗೆ ಬೇಕಲ್ಲ. ಹುಡುಗರು ಅಷ್ಟರಲ್ಲಿ ಎರಡು ತಿರುವು ಮುಂದಿದ್ದರು. ಅವರ ಸ್ಪೀಕರ್‌ನಲ್ಲಿ ಹಾಡು ಬರುತ್ತಿತ್ತು. ಹಾಡು ಹಾಕಿಕೊಂಡು ಕಾಡಿಗೆ ಹೋಗುವವರಿಗೆ ನಾನು ಏನು ಹೇಳಲಿ?

ಮೊದಲ ರಾತ್ರಿ ಎಲ್ಲರೂ ಲಾಮಾ ಹೋಟೆಲ್‌ನಲ್ಲಿ. ಅದು ಊರಿನ ಹೆಸರೇ ಹಾಗೆ. ಎತ್ತರ ಸುಮಾರು 2,480 ಮೀಟರ್. ಮರುದಿನ ಹುಡುಗರು ಒಂದೇ ಏಟಿಗೆ ಕ್ಯಾಂಜಿನ್ ಗೊಂಪಾಕ್ಕೆ ಹೋಗುತ್ತೇವೆ ಅಂದರು. ಅದು 3,870. ಗೈಡ್ ಬೇಡ ಅಂದ. ಅವನು ತಮಾಂಗ್ ಜನಾಂಗದ ಹುಡುಗ, ಅದೇ ಕಣಿವೆಯವನು. ನಾನೂ ಬೇಡ ಅಂದೆ. "ಒಂದು ದಿನ ಉಳಿಯುತ್ತೆ ಸರ್" ಅಂದರು. ಉಳಿಸಿ ಏನು ಮಾಡುತ್ತೀರಪ್ಪಾ ಅಂದರೆ, ಕಠ್ಮಂಡುವಿನಲ್ಲಿ ಶಾಪಿಂಗ್ ಅಂತೆ.

ನಾವು ಉಳಿದವರು ಘೋಡಾತಬೇಲಾದಲ್ಲಿ ನಿಂತೆವು. 3,030 ಮೀಟರ್. ಮಧ್ಯಾಹ್ನಕ್ಕೇ ತಲುಪಿದ್ದರಿಂದ ಮಾಡಲು ಏನೂ ಕೆಲಸವಿಲ್ಲ. ಟೀಚರಮ್ಮ ಟೀ ಲೋಟ ಹಿಡಿದುಕೊಂಡು ಹೊರಗೆ ಬೆಂಚಿನ ಮೇಲೆ ಕೂತರು. ಅಂಗಡಿಯಾಕೆಯ ಹತ್ತಿರ ಆಲೂಗಡ್ಡೆ ಬೆಳೆಯ ಮಾತು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು, ಅರ್ಧಂಬರ್ಧ ಹಿಂದಿಯಲ್ಲೇ ಗಂಟೆಗಟ್ಟಲೆ ಮಾತು. ಹಾಸನವೂ ಆಲೂಗಡ್ಡೆ ಸೀಮೆ ತಾನೆ! ಸಂಜೆ ನಾಲ್ಕೂವರೆ ಇರಬೇಕು, ಇದ್ದಕ್ಕಿದ್ದಂತೆ ಕರೆದರು. "ಸರ್, ಆ ಬಂಡೆ ಮೇಲೆ ಏನೋ ಅಲ್ಲಾಡ್ತಿದೆ." ದುರ್ಬೀನು ಹಿಡಿದು ನೋಡಿದೆ. ಥಾರ್! ಹಿಮಾಲಯದ ಕಾಡುಮೇಕೆ. ಅಲ್ಲಿನವರು ಝಾರಲ್ ಅನ್ನುತ್ತಾರೆ. ಕಡಿದಾದ ಬಂಡೆ, ನಮಗಾದರೆ ಕೈಯೂರಲೂ ಜಾಗವಿಲ್ಲ. ಅಲ್ಲಿ ಇಡೀ ಹಿಂಡು ನಿಂತು ಹುಲ್ಲು ಮೇಯುತ್ತಿದೆ. ಗಂಡಿಗೆ ಕುತ್ತಿಗೆಯಿಂದ ಮಂಡಿಯವರೆಗೆ ಜೋಲುವ ಕೂದಲು. ಗಾಳಿ ಬಂದಾಗ ಆ ಕೂದಲು ಅಲೆ ಅಲೆಯಾಗಿ ಹಾರುತ್ತದೆ. ಕತ್ತಲಾಗುವವರೆಗೂ ನಾವು ಬೆಂಚು ಬಿಟ್ಟು ಏಳಲಿಲ್ಲ. ಬೆಳಿಗ್ಗೆ ಆರಕ್ಕೆ ಕಾಡಿನಂಚಿಗೆ ಹೋದರೆ ಡಾಂಫೆ. ನೇಪಾಳದ ರಾಷ್ಟ್ರಪಕ್ಷಿ. ಗಂಡು ಹಕ್ಕಿಯ ಮೈಮೇಲೆ ಬಿಸಿಲು ಬಿದ್ದರೆ ಹಸಿರು, ನೀಲಿ, ತಾಮ್ರದ ಬಣ್ಣ ಎಲ್ಲಾ ಒಟ್ಟಿಗೆ. ಅದು ನೆಲ ಕೆದಕಿ ಗೆಡ್ಡೆ ತಿನ್ನುತ್ತಿತ್ತು, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಇದನ್ನು ಯಾಕೆ ಇಷ್ಟು ಉದ್ದಕ್ಕೆ ಹೇಳುತ್ತಿದ್ದೇನೆ? ಪ್ರಾಣಿಗಳು ಓಡಾಡೋದು ಬೆಳಗಿನ ಜಾವ, ಇಲ್ಲಾ ಸಂಜೆ. ಚಾರಣಕ್ಕೆ ಬಂದವರು ಓಡಾಡೋದು ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ. ಸಂಜೆ ಸುಸ್ತಾಗಿ ಒಲೆ ಪಕ್ಕ ಬಿದ್ದುಕೊಂಡಿರುತ್ತಾರೆ. ಹಾಗಿದ್ದರೆ ಎಲ್ಲಿ ಕಾಣಬೇಕು? ದಿನದ ನಡಿಗೆ ಮೊಟಕಾದರೆ ಸಂಜೆ ನಿಮ್ಮದು. ತೆಳುಗಾಳಿಗೆ ದೇಹ ಹೊಂದಿಕೊಳ್ಳದೆ ಬರುವ ಎತ್ತರದ ಕಾಯಿಲೆಯಿಂದ ಕಾಪಾಡೋದೂ, ಪ್ರಾಣಿ ತೋರಿಸೋದೂ ಆ ಎರಡು ದಿನಗಳೇ.

ಕಥೆ ಮುಗಿದಿಲ್ಲ. ಮರುದಿನ ನಾವು ಲಾಂಗ್‌ಟಾಂಗ್ ಹಳ್ಳಿಗೆ ಬಂದೆವು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಮೇಲಿನಿಂದ ಹಿಮ, ಬಂಡೆ ಎಲ್ಲಾ ಜಾರಿ ಬಂದು ಹಳೆಯ ಹಳ್ಳಿಯನ್ನು ಮುಚ್ಚಿಹಾಕಿತು. ಈಗ ಪಕ್ಕದಲ್ಲಿ ಹೊಸ ಮನೆಗಳಿವೆ. ದಾರಿ ಆ ಕಲ್ಲುರಾಶಿಯ ಮೇಲೇ ಹೋಗುತ್ತದೆ. ಅಲ್ಲಿ ನಡೆಯುವಾಗ ಯಾರೂ ಮಾತಾಡಲಿಲ್ಲ. ಊರು ಸೇರಿ ಊಟ ಮಾಡುತ್ತಿದ್ದೆವು, ಮೇಲಿನಿಂದ ಒಂದು ಕುದುರೆ ಬಂತು. ಕುದುರೆ ಮೇಲೆ ನಮ್ಮ ನಾಲ್ವರಲ್ಲಿ ಒಬ್ಬ. ಮುಖ ಬೂದಿ ಬಣ್ಣ. ರಾತ್ರಿಯೆಲ್ಲ ತಲೆನೋವು, ಎರಡು ಸಲ ವಾಂತಿ. ಸ್ನೇಹಿತರು ಏನು ಕೊಟ್ಟಿದ್ದರು ಗೊತ್ತಾ? ಗ್ಯಾಸಿನ ಮಾತ್ರೆ. "ಗ್ಯಾಸ್ಟ್ರಿಕ್ ಸರ್, ರಾತ್ರಿ ಚೀಸ್ ತಿಂದಿದ್ದ."

ನಮ್ಮವರಿಗೆ ಎಲ್ಲವೂ ಗ್ಯಾಸ್ಟ್ರಿಕ್! ಎದೆ ನೋವಾದರೂ ಗ್ಯಾಸ್ಟ್ರಿಕ್, ತಲೆ ಸುತ್ತಿದರೂ ಗ್ಯಾಸ್ಟ್ರಿಕ್. ದಯವಿಟ್ಟು ಕೇಳಿ. ಬೆಟ್ಟದ ಮೇಲೆ ತಲೆನೋವು, ಜೊತೆಗೆ ಊಟ ಸೇರದೆ ಇರೋದು, ವಾಂತಿ, ಸುಸ್ತು, ಇವುಗಳಲ್ಲಿ ಒಂದು ಬಂದರೂ ಅದು ಎತ್ತರದ ಕಾಯಿಲೆ ಅಂತಲೇ ತಿಳಿಯಿರಿ. ಅವತ್ತು ಮೇಲೆ ಹತ್ತಬೇಡಿ. ಕಮ್ಮಿಯಾಗದಿದ್ದರೆ ಇಳಿಯಿರಿ. ಗೈಡ್ ಆ ಹುಡುಗನನ್ನು ನೆಲದ ಮೇಲೆ ನೇರ ಗೆರೆಯಲ್ಲಿ ನಡೆಸಿದ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ. ಹುಡುಗ ವಾಲಿಹೋದ. ಹಾಗೆ ವಾಲಿದರೆ ಮಿದುಳು ಊದಿಕೊಳ್ಳಲು ಶುರುವಾಗಿದೆ ಅಂತ ಅರ್ಥ. ಕೂತಲ್ಲೇ ಏದುಸಿರು, ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಅಂತ. ಎರಡಕ್ಕೂ ಮೊದಲ ಮದ್ದು ಕೆಳಗೆ ಇಳಿಸೋದು. ಬೆಳಗಾಗಲಿ ನೋಡೋಣ ಅನ್ನುವಂತಿಲ್ಲ. ಊಟ ಅರ್ಧಕ್ಕೇ ಬಿಟ್ಟು ಗೈಡ್ ಅವನನ್ನು ಕತ್ತಲಾಗೋದರೊಳಗೆ ಘೋಡಾತಬೇಲಾಕ್ಕೆ ಇಳಿಸಿದ. ಬೆಳಿಗ್ಗೆ ಫೋನ್ ಬಂತು, ದಾಲ್ ಭಾತ್ ಎರಡನೇ ಸಲ ಬಡಿಸಿಕೊಂಡನಂತೆ. ಬದುಕಿಕೊಂಡ.

ಉಳಿದ ಮೂವರಿಗೆ ಏನೂ ಆಗಿರಲಿಲ್ಲ. ತೊಂದರೆ ಇರೋದೇ ಇಲ್ಲಿ. ಯಾರಿಗೆ ಬರುತ್ತೆ, ಯಾರಿಗೆ ಬರಲ್ಲ ಅಂತ ಮುಖ ನೋಡಿ ಹೇಳೋದಕ್ಕೆ ಆಗುವುದಿಲ್ಲ. ಆ ನಾಲ್ವರಲ್ಲಿ ಮ್ಯಾರಥಾನ್ ಓಡುತ್ತಿದ್ದವನು ಕುದುರೆ ಮೇಲೆ ಬಂದವನೇ! ಟೀಚರಮ್ಮ ಕ್ಯಾಂಜಿನ್‌ವರೆಗೂ ಬಂದರು, ಅಲ್ಲಿನ ಚೀಸ್ ಫ್ಯಾಕ್ಟರಿ ನೋಡಿದರು, ಮನೆಗೂ ಕಟ್ಟಿಸಿಕೊಂಡರು. ಕೆಂಪು ಪಾಂಡಾ ಮಾತ್ರ ನಮಗ್ಯಾರಿಗೂ ಕಾಣಲಿಲ್ಲ. ಆ ಕಾಡಿನಲ್ಲಿ ಅದು ಇದೆ, ಬಿದಿರೆಲೆ ತಿಂದುಕೊಂಡು ಮರದ ಮೇಲೇ ಇರುತ್ತದೆ. ಒಂದು ಪ್ರವಾಸಕ್ಕೆ ಗ್ಯಾರಂಟಿಯಾಗಿ ತೋರಿಸುತ್ತೇವೆ ಅನ್ನುವವರನ್ನು ನಂಬಬೇಡಿ. ಹಿಮಚಿರತೆಗೂ ಇದೇ ಮಾತು.

ಅಯ್ಯೋ, ಸಮಯ ಓಡಿದೆ. ಬೇಗ ಬೇಗ ಹೇಳುತ್ತೇನೆ.

ಹಿರಿಯರು ಮುಕ್ತಿನಾಥಕ್ಕೆ ಹೋಗುತ್ತೀರಿ. 108 ದಿವ್ಯದೇಶಗಳಲ್ಲಿ ಒಂದು, ಹೋಗಲೇಬೇಕು. ಆದರೆ ಅದು 3,700 ಮೀಟರ್ ಮೇಲಿದೆ. ಪೋಖರಾ 800 ಮೀಟರ್ ಚಿಲ್ಲರೆ. ಅಲ್ಲಿಂದ ಬೆಳಿಗ್ಗೆ ಹೊರಟು ಅದೇ ದಿನ ದರ್ಶನ ಮಾಡಿಸುವವರಿದ್ದಾರೆ. ಒಪ್ಪಬೇಡಿ. ನಡುವೆ ಜೋಮ್ಸೋಮ್‌ನಲ್ಲಿ ಒಂದು ರಾತ್ರಿ ಇರಿ, ಕಾಳಿಗಂಡಕಿಯಲ್ಲಿ ಸಾಲಿಗ್ರಾಮ ಹುಡುಕುತ್ತಾ ಒಂದು ಸಂಜೆ ಕಳೆಯಿರಿ. ನಮ್ಮ ನೂಲ ಹುಣ್ಣಿಮೆಯ ದಿನವೇ ನೇಪಾಳಿಗಳು ಗೋಸಾಯಿಕುಂಡಕ್ಕೆ ಯಾತ್ರೆ ಹೋಗುತ್ತಾರೆ. 4,380 ಮೀಟರ್ ಎತ್ತರದ ಕೆರೆ. ಹಬ್ಬದ ಅವಸರದಲ್ಲಿ ಹತ್ತಿ ತುಂಬಾ ಜನ ಕಾಯಿಲೆ ಬೀಳುತ್ತಾರೆ. ಅದಕ್ಕೆಂದೇ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನವರು ಅಲ್ಲಿ ಶಿಬಿರ ಹಾಕುತ್ತಾರೆ. ಎವರೆಸ್ಟ್ ದಾರಿಯ ಫೆರಿಚೆ, ಅನ್ನಪೂರ್ಣ ದಾರಿಯ ಮನಾಂಗ್, ಎರಡೂ ಕಡೆ ಚಾರಣದ ಸೀಸನ್‌ನಲ್ಲಿ ಅವರ ಚಿಕಿತ್ಸಾಲಯ ಇರುತ್ತದೆ. ಎತ್ತರದ ಕಾಯಿಲೆ ತಡೆಯೋದಕ್ಕೆ ಅಸೆಟಾಜೋಲಮೈಡ್ ಅನ್ನುವ ಮಾತ್ರೆಯೂ ಇದೆ. ಹೊರಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಮಾತ್ರೆ ನುಂಗಿ ಎರಡು ದಿನ ಉಳಿಸೋಣ ಅಂತ ಮಾತ್ರ ಲೆಕ್ಕ ಹಾಕಬೇಡಿ.

ಬೆಟ್ಟ ಹತ್ತಲಾಗದವರಿಗೆ ತೆರಾಯಿ ಇದೆ. ತಪ್ಪಲಿನ ಬಯಲು ಸೀಮೆ. ಚಿತ್ವನ್ ರಾಷ್ಟ್ರೀಯ ಉದ್ಯಾನ 1973ರಲ್ಲಿ ಆಗಿದ್ದು. 1960ರ ದಶಕದ ಕೊನೆಗೆ ಅಲ್ಲಿ ಒಂಟಿಕೊಂಬಿನ ಘೇಂಡಾಮೃಗ ನೂರರ ಆಸುಪಾಸಿಗೆ ಇಳಿದಿತ್ತು. 2021ರ ಗಣತಿಯಲ್ಲಿ ನೇಪಾಳದಲ್ಲಿ ಒಟ್ಟು 752, ಅದರಲ್ಲಿ 694 ಚಿತ್ವನ್‌ನಲ್ಲೇ. ಹುಲಿಗಳು 2009ರಲ್ಲಿ 121 ಇದ್ದವು, 2022ಕ್ಕೆ 355. ಸಣ್ಣ ದೇಶ, ಎಷ್ಟು ಚೆನ್ನಾಗಿ ಕಾಪಾಡಿಕೊಂಡಿದೆ ನೋಡಿ. ಜನವರಿಯಲ್ಲಿ ಉದ್ದ ಹುಲ್ಲು ಕೊಯ್ಯುತ್ತಾರೆ, ಹಾಗಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಪ್ರಾಣಿ ಚೆನ್ನಾಗಿ ಕಾಣುತ್ತವೆ. ಆನೆ ಸವಾರಿ ಬೇಡ. ಥಾರು ಜನಾಂಗದ ಗೈಡ್‌ಗಳ ಜೊತೆ ನಡೆಯಿರಿ. ಘೇಂಡಾಮೃಗ ಅಟ್ಟಿಸಿಕೊಂಡು ಬಂದರೆ ಮರ ಹತ್ತಿ, ಇಲ್ಲವೇ ದಪ್ಪ ಮರದ ಹಿಂದೆ ನಿಲ್ಲಿ, ಅದೂ ಇಲ್ಲದಿದ್ದರೆ ಅಂಕುಡೊಂಕಾಗಿ ಓಡಿ. ಅದಕ್ಕೆ ಕಣ್ಣು ಮಂದ, ಮೂಗು ಬಹಳ ಚುರುಕು. ಇಲ್ಲಿಯೂ ಒಂದೇ ರಾತ್ರಿ ಇದ್ದು ಬರುವ ಪ್ಯಾಕೇಜ್ ಬೇಡ. ಮೂರು ರಾತ್ರಿ ಇರಿ.

ಬೆಟ್ಟಕ್ಕೆ ಅಕ್ಟೋಬರ್, ನವೆಂಬರ್ ಒಳ್ಳೆಯದು. ಮಾರ್ಚ್, ಏಪ್ರಿಲ್‌ನಲ್ಲಿ ಹೋದರೆ ಲಾಲಿಗುರಾಂಸ್ ಹೂವು ಕಾಡು ತುಂಬಾ ಕೆಂಪಗೆ ಅರಳಿರುತ್ತದೆ. ಅದೇ ಮರ ನಮ್ಮ ನೀಲಗಿರಿಯಲ್ಲೂ ಇದೆ. ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಜೊತೆಗಿರಲಿ, ಆಧಾರ್ ಒಂದನ್ನೇ ನಂಬಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ವಿಮೆ ಮಾಡಿಸುವಾಗ ಎತ್ತರದ ಜಾಗದಿಂದ ಹೆಲಿಕಾಪ್ಟರ್‌ನಲ್ಲಿ ಕರೆತರುವ ಖರ್ಚು ಸೇರಿದೆಯಾ ಅಂತ ಕೇಳಿ, ಬರೆದಿರುವುದನ್ನು ಓದಿ ನೋಡಿ. ಇನ್ನು ಶೂ. ಹೊಸ ಶೂ ಹಾಕಿಕೊಂಡು ಬೆಟ್ಟಕ್ಕೆ ಹೋಗಬೇಡಿ. ಈಗಲೇ ಕೊಂಡು ಎರಡು ತಿಂಗಳು ಮಾರ್ಕೆಟ್ಟು, ಬಸ್‌ಸ್ಟ್ಯಾಂಡು ಅಂತ ಅದರಲ್ಲೇ ಓಡಾಡಿ. ಬೊಬ್ಬೆ ಏಳುವುದಿದ್ದರೆ ಇಲ್ಲೇ ಎದ್ದುಬಿಡಲಿ.

ನಮಸ್ಕಾರ.