ಕಣ್ಣು ಸರಿಯಿದ್ದರೂ ನೋಟ ಬೇರೆ

ನಮಸ್ಕಾರ. ಮನೆಯಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ನೋಡಿಕೊಳ್ಳುತ್ತಿರುವ ಅಪ್ಪ, ಅಮ್ಮ, ಅಕ್ಕಂದಿರು ಕೇಳುತ್ತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ಈ ಕಾಯಿಲೆ ಅಂದ ಕೂಡಲೇ ಎಲ್ಲರೂ ಹೇಳುವುದು ಕಿವಿಗೆ ಕೇಳಿಸುವ ದನಿಗಳು, ವಿಪರೀತ ಅನುಮಾನ, ಅಷ್ಟೇ. ನೋಟದ ಮಾತನ್ನು ಯಾರೂ ಎತ್ತುವುದಿಲ್ಲ. ವ್ಯತ್ಯಾಸ ಬರೀ ಯೋಚನೆಯಲ್ಲಿಲ್ಲ, ನೋಟದಲ್ಲೇ ಇದೆ. ಅದೂ ತೀರಾ ಮೊದಲ ಹಂತದಲ್ಲಿ, ಕಂಡದ್ದು ಏನು ಅಂತ ಮಿದುಳು ಗುರುತು ಹಿಡಿಯುವ ಮುಂಚೆಯೇ.

ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗ ಇದೆ, ಲಂಡನ್ನಿನ ಸಂಶೋಧಕರು 2005ರಲ್ಲಿ ಪ್ರಕಟಿಸಿದ್ದು. ಪರದೆಯ ಮೇಲೆ ಒಂದು ದುಂಡನೆಯ ಚಿತ್ರ. ಒಳಗೆಲ್ಲ ಕಪ್ಪು ಬಿಳುಪು ಮಚ್ಚೆಗಳು, ಸ್ವಲ್ಪ ಮಂದವಾಗಿಯೇ ಇರುತ್ತವೆ. ಅದರ ಸುತ್ತಲೂ ಕಡುಗಪ್ಪು, ಅಚ್ಚಬಿಳಿ ಮಚ್ಚೆಗಳನ್ನು ತುಂಬಿದರೆ ನಡುವಿನದು ನಮಗೆ ಇನ್ನೂ ಮಂಕಾಗಿ ಕಾಣುತ್ತದೆ. ನಡುವಿನದು ಒಂದಿಷ್ಟೂ ಬದಲಾಗಿಲ್ಲ, ಸುತ್ತಲಿನದು ಜೋರಾಗಿದೆ ಅಂತ ಮಿದುಳೇ ಅದನ್ನು ತಗ್ಗಿಸಿಬಿಡುತ್ತದೆ. ಸ್ಕಿಜೋಫ್ರೇನಿಯಾ ಇರುವವರು ಈ ಮೋಸಕ್ಕೆ ಅಷ್ಟಾಗಿ ಬೀಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು! ಕಾಯಿಲೆಯಿದ್ದ 15 ಜನರಲ್ಲಿ 12 ಜನ, ಕಾಯಿಲೆ ಇಲ್ಲದವರಲ್ಲಿ ಎಲ್ಲರಿಗಿಂತ ಸರಿಯಾಗಿ ಹೇಳಿದವರನ್ನೂ ಮೀರಿಸಿದರು. 'ಅವರಿಗೆ ಗಮನವೇ ಇರಲ್ಲ, ಅದಕ್ಕೇ ಪರೀಕ್ಷೆಯಲ್ಲಿ ತಪ್ಪಾಗುತ್ತೆ' ಅಂತ ಇನ್ನೂ ಹೇಳುವವರಿದ್ದಾರಲ್ಲ, ಗಮನ ಇಲ್ಲದವರು ಎಲ್ಲರನ್ನೂ ಮೀರಿಸುವುದು ಹೇಗೆ ಅಂತ ದಯವಿಟ್ಟು ಅವರೇ ಹೇಳಲಿ. ಸುತ್ತಲಿನದನ್ನು ನೋಡಿ ನಡುವಿನದನ್ನು ತಗ್ಗಿಸುವ ಕೆಲಸ ಅವರ ಮಿದುಳಿನಲ್ಲಿ ಸಡಿಲವಾಗಿದೆ. ಅಂದರೆ ವ್ಯತ್ಯಾಸ ನೋಟದಲ್ಲೇ ಇದೆ.

ಹೊತ್ತಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಒಂದು ಅಕ್ಷರವನ್ನು ಕ್ಷಣಮಾತ್ರ ತೋರಿಸಿ, ಅದರ ಬೆನ್ನಿಗೇ ಇನ್ನೊಂದು ಚಿತ್ರ ತೋರಿಸಿದರೆ ಮೊದಲಿನದು ಅಳಿಸಿಹೋದ ಹಾಗಾಗುತ್ತದೆ. ಎಲ್ಲರಿಗೂ ಹಾಗೇ. ಸ್ಕಿಜೋಫ್ರೇನಿಯಾ ಇರುವವರಿಗೆ ಅಕ್ಷರ ಗುರುತಿಸಲು ಎರಡರ ನಡುವೆ ಇನ್ನೂ ಜಾಸ್ತಿ ಬಿಡುವು ಬೇಕು. ಈ ಕಾಯಿಲೆಗೆ ಹತ್ತಿರದ್ದಾದರೂ ಅಷ್ಟು ತೀವ್ರವಲ್ಲದ, ಸ್ಕಿಜೋಟೈಪಲ್ ಅನ್ನುವ ವ್ಯಕ್ತಿತ್ವದ ತೊಂದರೆ ಇರುವವರಲ್ಲೂ, ಕಾಯಿಲೆ ಬಂದವರ ಆರೋಗ್ಯವಾಗಿರುವ ಒಡಹುಟ್ಟಿದವರಲ್ಲೂ ಇದು ಸ್ವಲ್ಪಮಟ್ಟಿಗೆ ಕಂಡಿದೆ. ಆ ಒಡಹುಟ್ಟಿದವರು ಈ ಕಾಯಿಲೆಯ ಔಷಧ ತೆಗೆದುಕೊಳ್ಳುವವರಲ್ಲ. ಹಾಗಾಗಿ ಇದು ಔಷಧದಿಂದ ಬಂದದ್ದು ಅಂತ ತಳ್ಳಿಹಾಕಬೇಡಿ.

ಇನ್ನು ನೀವು ಮಾಡಬೇಕಾದದ್ದು. 'ಬೆಳಕು ಚುಚ್ಚುತ್ತದೆ', 'ಬಣ್ಣ ಜಾಸ್ತಿಯಾಗಿದೆ', 'ನಿನ್ನ ಮುಖ ಏನೋ ಬೇರೆ ಥರ ಕಾಣ್ತಿದೆ' ಅಂತ ಅವರು ಹೇಳಿದರೆ ಸುಮ್ನೆ ನಾಟಕ ಅನ್ನಬೇಡಿ. ಕಣ್ಣಿನ ಡಾಕ್ಟರು ಎಲ್ಲ ಸರಿಯಿದೆ ಅಂದರೂ ಅವರ ಮಾತು ಸುಳ್ಳಾಗುವುದಿಲ್ಲ. ಅವರು ಹೇಳಿದ್ದನ್ನು ಹಾಗೆಯೇ ಬರೆದಿಟ್ಟುಕೊಂಡು, ಮುಂದಿನ ಸಲ ಮನೋವೈದ್ಯರ ಹತ್ತಿರ ಹೋದಾಗ ಓದಿ ಹೇಳಿ.