ಕೈ ಹಿಂದೆ ಕಟ್ಕೊಂಡು ನಿಂತ ಭಾನುವಾರ

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಕೊಂಡಿರೋನು, ಬೋರ್‌ವೆಲ್ ಮೋಟಾರು, ಮಿಕ್ಸಿ, ಗ್ರೈಂಡರ್ ಎಲ್ಲಾ ಬರುತ್ತೆ, ಬೆಳಿಗ್ಗೆಯಿಂದ ರಾತ್ರಿವರೆಗೂ ತಾಮ್ರದ ತಂತಿ ಸುತ್ತೋದೇ ಕೆಲಸ. ಭಾನುವಾರ ಮಾತ್ರ ಅಂಗಡಿ ಶಟರ್ ಎಳೆದು ಸ್ಕಾರ್ಫ್ ಕಟ್ಕೊಂಡು ಮಗನ ಜೊತೆ ಸ್ಕೌಟ್ ಟ್ರೂಪಿಗೆ ಹೋಗ್ತೀನಿ. ಎರಡು ವರ್ಷ ಆಯ್ತು. ಅದರ ಬಗ್ಗೆನೇ ಇವತ್ತು ನಿಮ್ ಹತ್ರ ಮಾತಾಡೋಣ ಅಂತ ಬಂದೆ.

ನಾನೂ ಹುಡುಗನಾಗಿದ್ದಾಗ ಸ್ಕೌಟು. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ ಅಂತ ಅಲ್ಲಿ ಹಂತಗಳಿರ್ತವೆ, ಅಲ್ಲಿವರೆಗೆ ಬಂದಿದ್ದೆ. ಅಷ್ಟರಲ್ಲಿ ನಮ್ ಸ್ಕೌಟ್ ಸರ್‌ಗೆ ಟ್ರಾನ್ಸ್‌ಫರ್ ಆಯ್ತು. ಹಗ್ಗ, ಕೋಲು, ಟೆಂಟು, ಬಾವುಟ ಎಲ್ಲಾ ಒಂದು ತಗಡಿನ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದ್ರು, ಆ ಬೀಗ ಮತ್ತೆ ಯಾರೂ ತೆಗೀಲಿಲ್ಲ. ನಾವು ಮೂರ್ನಾಲ್ಕು ಜನ ಸ್ವಲ್ಪ ದಿನ ಭಾನುವಾರ ಗ್ರೌಂಡಿಗೆ ಹೋಗಿ ಕೂತು ಬರ್ತಿದ್ವಿ, ಆಮೇಲೆ ಅದೂ ನಿಂತೋಯ್ತು. ತೃತೀಯ ಸೋಪಾನ ನಂಗೆ ಆಗಲೇ ಇಲ್ಲ. ಅವತ್ತು ಊರಲ್ಲಿ ಅಷ್ಟೊಂದು ಜನ ಅಪ್ಪಂದಿರಿದ್ರು, ಅವರಲ್ಲಿ ಒಬ್ರು ಬಂದು ಆ ಪೆಟ್ಟಿಗೆ ತೆಗೆದಿದ್ರೆ ಸಾಕಿತ್ತು ಅಂತ ಈಗ್ಲೂ ಅನ್ಸುತ್ತೆ. ನಮ್ ಕಡೆ ಎಷ್ಟೋ ಟ್ರೂಪು ಹಿಂಗೇ ಒಬ್ಬ ಮೇಷ್ಟ್ರ ಹೆಗಲ ಮೇಲೆ ನಿಂತಿರ್ತವೆ, ಅವರು ಹೋದ್ರೆ ಮುಗೀತು.

ಅದಕ್ಕೇ ಮಗನ ಸ್ಕೂಲಲ್ಲಿ ಸ್ಕೌಟ್ ಸರ್ ಎದ್ದು ನಿಂತು, ಇಷ್ಟು ಹುಡುಗರನ್ನ ಕ್ಯಾಂಪಿಗೆ ಒಬ್ನೇ ಕರ್ಕೊಂಡು ಹೋಗೋಕಾಗಲ್ಲ, ಪೇರೆಂಟ್ಸ್ ಯಾರಾದ್ರೂ ಬರ್ತೀರಾ ಅಂತ ಕೇಳ್ದಾಗ ಕೈ ಎತ್ತಿಬಿಟ್ಟೆ.

ಮೊದಲನೇ ಭಾನುವಾರ ಹಗ್ಗ ಕೈಗೆ ಬಂತು. ಕ್ಲೋವ್ ಹಿಚ್ ಗಂಟು, ಕಂಬಕ್ಕೆ ಎರಡು ಸುತ್ತು ಹಾಕಿ ಎರಡನೇ ಸುತ್ತಿನ ಕೆಳಗೆ ತುದಿ ತೂರಿಸಿ ಎಳೆಯೋದು, ಅದು ಸರಿಯಾಗಿ ಕೂತ್ರೆ ಮಾತ್ರ ಮುಂದೆ ಸ್ಕ್ವೇರ್ ಲ್ಯಾಶಿಂಗ್, ಅಂದ್ರೆ ಎರಡು ಕೋಲು ಅಡ್ಡಡ್ಡ ಇಟ್ಟು ಬಿಗಿಯಾಗಿ ಕಟ್ಟೋದು, ಶುರು ಮಾಡೋಕಾಗೋದು. ನಾನು ಕಟ್ಟಿ ತೋರಿಸ್ದೆ, ಹುಡುಗರಿಗೆ ಅರ್ಥ ಆಗ್ಲಿಲ್ಲ, ಮತ್ತೆ ಕಟ್ಟಿದೆ, ಆಗ್ಲೂ ಆಗ್ಲಿಲ್ಲ. ಆಗ ಹಳ್ಳಿಯಿಂದ ಬಸ್ಸಲ್ಲಿ ಬರೋ ಒಬ್ಬ ಸಣ್ಣ ಹುಡುಗ, ಸರ್ ಇದು ನಮ್ ತಾತ ಹಸು ಗೂಟಕ್ಕೆ ಸುತ್ತೋ ಗಂಟಲ್ವಾ ಅಂದ. ಅವನೇ ಎದ್ದು ಬಂದು ಒಂದು ಕೋಲು ನೆಲಕ್ಕೆ ಊರಿ ಹಸು ಎಳೆದಂಗೆ ಹಗ್ಗ ಎಳೆದು ತೋರಿಸ್ದ, ಅಷ್ಟೇ, ಹತ್ತು ನಿಮಿಷದಲ್ಲಿ ಎಲ್ರೂ ಕಟ್ಟೋಕೆ ಶುರು ಮಾಡಿದ್ರು. ನಂಗೆ ತುಂಬಾ ಖುಷಿ ಆಯ್ತು.

ಆದ್ರೆ ನಿಜವಾದ ಪಾಠ ಆಗಿದ್ದು ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ. ನವೆಂಬರ್ ತಿಂಗಳು, ಹಣ್ಣು ಕೊಯ್ಲು ಇನ್ನೂ ಶುರುವಾಗಿರ್ಲಿಲ್ಲ, ಕಣ ಖಾಲಿ ಇತ್ತು, ಅಲ್ಲೇ ಟೆಂಟು ಹಾಕಿದ್ವಿ. ರಾತ್ರಿಯೆಲ್ಲಾ ಮಳೆ. ಬೆಳಿಗ್ಗೆ ಒಂದೊಂದು ಪ್ಯಾಟ್ರೋಲೂ, ಅಂದ್ರೆ ಟ್ರೂಪಿನ ಒಂದೊಂದು ಸಣ್ಣ ಗುಂಪೂ, ತನ್ನ ಉಪ್ಪಿಟ್ಟು ತಾನೇ ಮಾಡ್ಕೋಬೇಕು, ಸೌದೆ ನೋಡಿದ್ರೆ ಪೂರ್ತಿ ಒದ್ದೆ. ನನ್ ಮಗ ಇದ್ದ ಪ್ಯಾಟ್ರೋಲಲ್ಲಿ ಏಳು ಜನ, ಲೀಡರ್‌ಗೆ ಹದಿಮೂರು ವರ್ಷ. ಬೆಂಕಿಪೊಟ್ಟಣದ ಅರ್ಧ ಕಡ್ಡಿ ಖಾಲಿಯಾದ್ವು, ಬರೀ ಹೊಗೆ, ಹುಡುಗರ ಕಣ್ಣಲ್ಲಿ ನೀರು, ನನ್ ಮಗ ಹೊಟ್ಟೆ ಹಿಡ್ಕೊಂಡು ನನ್ನೇ ನೋಡ್ತಿದಾನೆ. ನನ್ ಜೇಬಲ್ಲಿ ಲೈಟರ್ ಇತ್ತು, ಟೂಲ್ ಬ್ಯಾಗಲ್ಲಿ ಒಣಗಿದ ಪೇಪರ್ ಇತ್ತು. ಹೆಜ್ಜೆ ಮುಂದೆ ಇಟ್ಟೆ. ಹಿಂದಿನಿಂದ ಸರ್ ಮೆಲ್ಲಗೆ ಹೇಳಿದ್ರು, "ಕೈ ಹಿಂದೆ ಕಟ್ಕೊಂಡು ನಿಂತ್ಕೊಳ್ರೀ."

ನಿಂತ್ಕೊಂಡೆ. ಬಹಳ ಕಷ್ಟ ಕಣ್ರೀ ಅದು, ಹಸಿದಿರೋ ಮಗ ಎದುರಿಗಿದಾನೆ, ಕೆಲಸ ನಂಗೆ ಎರಡು ನಿಮಿಷದ್ದು, ಆದ್ರೂ ಮಾಡಂಗಿಲ್ಲ. ಆ ಲೀಡರ್ ಹುಡುಗ ಸ್ವಲ್ಪ ಹೊತ್ತು ಸುಮ್ನೆ ಕೂತ, ಆಮೇಲೆ ಒಂದು ದಪ್ಪ ಸಿಲ್ವರ್ ಓಕ್ ಕೊಂಬೆ ತಗೊಂಡು ಮಚ್ಚಲ್ಲಿ ಸೀಳಿದ, ಹೊರಗೆ ಕಪ್ಪಗೆ ಒದ್ದೆ, ಒಳಗೆ ನೋಡಿದ್ರೆ ಬೆಳ್ಳಗೆ ಒಣಗಿತ್ತು. ಅದನ್ನೇ ಬೆರಳು ದಪ್ಪ, ಆಮೇಲೆ ಕಡ್ಡಿ ದಪ್ಪ ಸೀಳಿ ಸೀಳಿ ಗುಡ್ಡೆ ಹಾಕಿದ, ಉಳಿದೋರು ಮೇಲೆ ತಟ್ಟೆ ಹಿಡಿದು ಹನಿ ಬೀಳದಂಗೆ ನೋಡ್ಕೊಂಡ್ರು. ಹತ್ತೂವರೆಗೆ ಉಪ್ಪಿಟ್ಟು ಆಯ್ತು. ಉಪ್ಪು ಕಮ್ಮಿ, ತಳ ಹಿಡಿದಿತ್ತು. ನನ್ ಮಗ ಮೂರು ಸಲ ಹಾಕಿಸ್ಕೊಂಡ.

ಆಮೇಲೆ ಟ್ರೂಪ್ ನೋಡ್ಕೊಳ್ಳೋ ದೊಡ್ಡವರಿಗೆ ಅಂತ ಇರೋ ಬೇಸಿಕ್ ಕೋರ್ಸಿಗೆ ಹೋದೆ. ದೊಡ್ಡಬಳ್ಳಾಪುರದಲ್ಲಿ ಸ್ಕೌಟ್ಸಿನವರದ್ದೇ ಟ್ರೈನಿಂಗ್ ಸೆಂಟರ್ ಇದೆ, ಆನಿ ಬೆಸೆಂಟ್ ಹೆಸರಲ್ಲಿ. ಬೆಂಗಳೂರಿಗೆ ಸ್ಕೌಟಿಂಗ್ 1909ರಲ್ಲೇ ಬಂತು, ಆದ್ರೆ ಶುರುವಲ್ಲಿ ನಮ್ ದೇಶದ ಹುಡುಗರನ್ನ ಸೇರಿಸ್ಕೊಳ್ತಿರ್ಲಿಲ್ಲ, ಅದಕ್ಕೆ ಆನಿ ಬೆಸೆಂಟ್, ಮದನ ಮೋಹನ ಮಾಳವೀಯ ಅಂಥವರು ನಮ್ಮವರಿಗೇ ಅಂತ ಬೇರೆ ಸಂಘ ಕಟ್ಟಿದ್ರು, ಎಲ್ಲಾ ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಗಿದ್ದು 1950ರ ನವೆಂಬರ್ 7ಕ್ಕೆ, ಮುಂದಿನ ವರ್ಷ ಗರ್ಲ್ ಗೈಡ್ಸೂ ಬಂದು ಸೇರ್ಕೊಂಡ್ರು. ಕೋರ್ಸಲ್ಲಿ ದೊಡ್ಡವರನ್ನೂ ಪ್ಯಾಟ್ರೋಲ್ ಮಾಡಿಬಿಡ್ತಾರೆ, ನಾವೇ ಟೆಂಟಲ್ಲಿ ಮಲಗಬೇಕು, ನಾವೇ ಪಾತ್ರೆ ತೊಳೀಬೇಕು. ಅಲ್ಲಿ ಒಂದು ವಿಷಯ ನನ್ ಮನಸ್ಸಿಗೆ ನಾಟ್ತು. ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ 1907ರ ಆಗಸ್ಟಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊಟ್ಟಮೊದಲ ಕ್ಯಾಂಪ್ ಮಾಡ್ದಾಗ ಇದ್ದಿದ್ದು 20 ಹುಡುಗರು, ಅವರನ್ನ ನಾಲ್ಕು ಪ್ಯಾಟ್ರೋಲ್ ಮಾಡಿ ಒಂದೊಂದಕ್ಕೂ ಒಬ್ಬ ಹುಡುಗನ್ನೇ ಲೀಡರ್ ಮಾಡಿದ್ರು. ಅಂದ್ರೆ ಕಾಫಿ ತೋಟದಲ್ಲಿ ಸರ್ ನಂಗೆ ಹೇಳಿದ್ದು ಮೊದಲನೇ ದಿನದಿಂದ ಇರೋ ಪದ್ಧತಿನೇ.

ಆಗ ನಂಗೆ ಶ್ರವಣಬೆಳಗೊಳ ನೆನಪಾಯ್ತು. 1993ರ ಡಿಸೆಂಬರ್, ಮಹಾಮಸ್ತಕಾಭಿಷೇಕ, ನಾನಿನ್ನೂ ಸ್ಕೌಟ್ ಹುಡುಗ. ನಮ್ ಟ್ರೂಪಿಗೆ ವಿಂಧ್ಯಗಿರಿ ಬೆಟ್ಟದ ಕೆಳಗೆ ನೀರು ಕೊಡೋ ಡ್ಯೂಟಿ, ಬರಿಗಾಲಲ್ಲಿ ಆ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಿಳಿದು ಬರೋ ಜನಕ್ಕೆ ನೀರು. ಜನ ಅಂದ್ರೆ ಜನ. ಆ ಗದ್ದಲದಲ್ಲಿ ನಾಲ್ಕೈದು ವರ್ಷದ ಮಗು ಒಂದು ಅಳ್ತಾ ನನ್ ಹತ್ರ ಬಂತು, ಹಿಂದಿ ಮಾತಾಡ್ತಿತ್ತು, ನಂಗೆ ಸರಿಯಾಗಿ ಬರ್ತಿರ್ಲಿಲ್ಲ. ನನ್ ಸ್ಕಾರ್ಫಿನ ತುದಿ ಹಿಡ್ಕೊಂಡಿದ್ದು ಬಿಡಲೇ ಇಲ್ಲ. ನಮ್ ಅವತ್ತಿನ ಸರ್ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿದ್ರು, ನೋಡಿದ್ರು, ಬರ್ಲಿಲ್ಲ. ನಾನೇ ಮಗುನ ಎತ್ಕೊಂಡು ಪೊಲೀಸ್ ಚೌಕಿ ಹುಡುಕಿ, ಮೈಕಲ್ಲಿ ಕೂಗಿಸಿ, ಅವರಮ್ಮ ಓಡಿ ಬರೋವರೆಗೂ ಅಲ್ಲೇ ನಿಂತಿದ್ದೆ. ಸರ್ ಯಾಕೆ ಸಹಾಯಕ್ಕೆ ಬರ್ಲಿಲ್ಲ ಅಂತ ಅವತ್ತು ಸ್ವಲ್ಪ ಬೇಜಾರಾಗಿತ್ತು. ಆ ಇಪ್ಪತ್ತು ಹೆಜ್ಜೆ ದೂರ ನಿಲ್ಲೋಕೆ ಅವರಿಗೂ ಎಷ್ಟು ಕಷ್ಟ ಆಗಿರ್ಬೇಕು ಅಂತ ಮೂವತ್ತು ವರ್ಷದ ಮೇಲೆ ಗೊತ್ತಾಯ್ತು.

ನೀವು ಕೇಳ್ತಿರೋರಲ್ಲಿ ಹಳೇ ಸ್ಕೌಟ್‌ಗಳು, ಗೈಡ್‌ಗಳು ಖಂಡಿತ ಇರ್ತೀರಾ. ಮಕ್ಕಳ ಸ್ಕೂಲಲ್ಲಿ ಒಂದ್ಸಲ ವಿಚಾರಿಸಿ, ಅಲ್ಲಿಲ್ಲ ಅಂದ್ರೆ ಜಿಲ್ಲಾ ಸಂಸ್ಥೆಯವರನ್ನ ಕೇಳಿ. ಗಂಟೆಲ್ಲಾ ಮರ್ತೋಗಿದೆ ಅನ್ಬೇಡಿ, ಹುಡುಗರು ಹೇಳ್ಕೊಡ್ತಾರೆ. ಅವರಿಗೆ ಬೇಕಾಗಿರೋದು ಭಾನುವಾರ ತಪ್ಪದೇ ಬರೋ ಒಬ್ಬ ದೊಡ್ಡ ಮನುಷ್ಯ.

ಮಗನ ಸ್ಕೂಲಿನ ಸ್ಕೌಟ್ ಸರ್ ಮೇ ತಿಂಗಳಲ್ಲಿ ರಿಟೈರ್ ಆಗ್ತಾರೆ. ಹೋದ ವಾರ ಹಗ್ಗದ ಪೆಟ್ಟಿಗೆ ಬೀಗದ ಕೈ ತಂದು ನನ್ ಕೈಗಿಟ್ರು. ನಾನು ಅದನ್ನ ತಗೊಂಡು ಹೋಗಿ, ಆ ಸೌದೆ ಸೀಳಿದ ಹುಡುಗ ಇದಾನಲ್ಲ, ಅವನಿಗೆ ಕೊಟ್ಟೆ.